‘ದಿ ಫಿಫ್ತ್ ಎಲಿಮೆಂಟ್’: ಇಷ್ಟೊಂದು ಅಬ್ಬರದ ಸಿನಿಮಾ ಯಾಕೆ ಇಷ್ಟವಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸಿನಿಮಾ ನೋಡಿ ಅಂತ ನಾನು ಯಾರಿಗಾದರೂ ಹೇಳಿದರೆ ಎರಡು ದಿನ ಬಿಟ್ಟು ಫೋನ್ ಬರುತ್ತದೆ. ಕೆಲವರಿಗೆ ಖುಷಿಯೋ ಖುಷಿ. ಕೆಲವರು ‘ಇದೇನ್ರೀ ಇದು, ಸಂತೆ ಥರ ಇದೆ’ ಅನ್ನುತ್ತಾರೆ. ಆದರೆ ಇಬ್ಬರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಸೇರಿಸಿ ಉತ್ತರ ಬರೆದಿದ್ದೇನೆ. ಕೊನೆಯ ಎರಡು ಉತ್ತರಗಳಲ್ಲಿ ಕ್ಲೈಮ್ಯಾಕ್ಸ್ ವಿಷಯ ಬರುತ್ತದೆ. ಸಿನಿಮಾ ನೋಡದವರು ಅವನ್ನು ಆಮೇಲೆ ಓದಿ.

ಇದು ಎಂಥ ಸಿನಿಮಾ?

1997ರಲ್ಲಿ ಬಂದದ್ದು. ನಿರ್ದೇಶಕ ಫ್ರಾನ್ಸಿನ ಲುಕ್ ಬೆಸೋನ್. ವೈಜ್ಞಾನಿಕ ಕಲ್ಪನೆ, ಹೊಡೆದಾಟ, ಹಾಸ್ಯ, ಪ್ರೇಮ, ಸಂಗೀತ, ಫ್ಯಾಷನ್ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಜೋರು ಉರಿಯಲ್ಲಿ ಬೇಯಿಸಿದ ಸಿನಿಮಾ. ಎರಡು ಗಂಟೆ ಆರು ನಿಮಿಷ ಓಡುತ್ತದೆ. ನಡುವೆ ಉಸಿರು ಬಿಡಲು ಜಾಗ ಕಡಿಮೆ.

ಕತೆ ಏನು, ಸ್ವಲ್ಪದರಲ್ಲಿ ಹೇಳಿ.

1914ರ ಈಜಿಪ್ಟಿನಲ್ಲಿ ಶುರು. ಹಳೆಯ ದೇಗುಲದಲ್ಲಿ ಒಬ್ಬ ಪ್ರೊಫೆಸರ್ ಗೋಡೆಯ ಬರಹ ಓದುತ್ತಿರುತ್ತಾನೆ. ಅಷ್ಟರಲ್ಲಿ ಆಕಾಶದಿಂದ ದೊಡ್ಡ ಹಡಗೊಂದು ಇಳಿದು, ಆನೆಯಂತೆ ನಿಧಾನಕ್ಕೆ ನಡೆಯುವ ಜೀವಿಗಳು ಬರುತ್ತವೆ. ಅಲ್ಲಿಟ್ಟಿದ್ದ ನಾಲ್ಕು ಕಲ್ಲುಗಳನ್ನು ಒಯ್ಯುತ್ತವೆ. ಐದು ಸಾವಿರ ವರ್ಷಕ್ಕೊಮ್ಮೆ ಬರುವ ಕೇಡೊಂದಿದೆ, ಆಗ ಈ ಕಲ್ಲುಗಳು ಬೇಕಾಗುತ್ತವೆ.

ಮುಂದೆ 2263, ನ್ಯೂಯಾರ್ಕ್. ಕೇಡು ಬಂದೇ ಬಿಟ್ಟಿದೆ. ಭೂಮಿಯನ್ನು ಉಳಿಸಬೇಕಾದವಳು ಲೀಲೂ. ಅವಳಿದ್ದ ಹಡಗನ್ನು ವೈರಿಗಳು ಹೊಡೆದುರುಳಿಸುತ್ತಾರೆ. ಉಳಿದ ಒಂದು ಕೈಯಿಂದ ವಿಜ್ಞಾನಿಗಳು ಅವಳನ್ನು ಮತ್ತೆ ಕಟ್ಟುತ್ತಾರೆ. ಅವಳು ಅಲ್ಲಿಂದ ತಪ್ಪಿಸಿಕೊಂಡು, ಮುಗಿಲೆತ್ತರದ ಕಟ್ಟಡದಿಂದ ಹಾರಿ, ಒಂದು ಹಾರುವ ಟ್ಯಾಕ್ಸಿಯ ಚಾವಣಿ ಒಡೆದು ಒಳಗೆ ಬೀಳುತ್ತಾಳೆ. ಆ ಟ್ಯಾಕ್ಸಿ ಓಡಿಸುವವನು ಕೊರ್ಬೆನ್ ಡಲ್ಲಾಸ್, ಸೈನ್ಯ ಬಿಟ್ಟು ಬಂದ ಮೇಜರ್. ಬ್ರೂಸ್ ವಿಲ್ಲಿಸ್ ಮಾಡಿದ್ದಾರೆ. ಲೀಲೂ ಪಾತ್ರಕ್ಕೆ ಮಿಲಾ ಯೋವೊವಿಚ್. ಕಲ್ಲು ಹುಡುಕಿಕೊಂಡು ಇವರಿಬ್ಬರೂ ಒಂದು ವಿಹಾರದ ಹಡಗಿಗೆ ಹೋಗುತ್ತಾರೆ. ಅವರ ಹಿಂದೆ ಎಲ್ಲರೂ ಬರುತ್ತಾರೆ.

ಇಷ್ಟೇ ಕತೆ. ಕಾಗದದ ಮೇಲೆ ತುಂಬಾ ಸಾದಾ.

‘ಕ್ಯಾಂಪ್’ ಅನ್ನುತ್ತಾರಲ್ಲ, ಹಾಗಂದರೆ ಏನು? ಕೆಟ್ಟ ಸಿನಿಮಾ ಅಂತಲಾ?

ಅಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟೋ ಜನ ಇಂಥ ಸಿನಿಮಾಗಳನ್ನು ದೂರ ಇಟ್ಟಿದ್ದಾರೆ. ಹಾಗಾಗಿ ಇದಕ್ಕೆ ಸ್ವಲ್ಪ ಉದ್ದದ ಉತ್ತರ.

ಬಣ್ಣ, ವೇಷ, ಮಾತು, ನಡಿಗೆ ಎಲ್ಲವನ್ನೂ ಅಳತೆ ಮೀರಿ ಮಾಡುವುದು, ಅದನ್ನು ಮುಚ್ಚಿಡದೆ ಮಾಡುವುದು, ಅದರಲ್ಲೇ ಸಂತೋಷ ಕೊಡುವುದು ಕ್ಯಾಂಪ್. ಇಂಗ್ಲಿಷಿನಲ್ಲಿ ಈ ಪದದ ಸುತ್ತ ದೊಡ್ಡ ಚರ್ಚೆಗಳೇ ಆಗಿವೆ. ಆದರೆ ನಮಗೆ ಇದು ಹೊಸದಲ್ಲ ಅಂತ ನನಗನ್ನಿಸುತ್ತದೆ. ಯಕ್ಷಗಾನದ ಬಣ್ಣದ ವೇಷ ನೆನಪು ಮಾಡಿಕೊಳ್ಳಿ. ಮಹಿಷಾಸುರ ಸಭೆಯ ಹಿಂದಿನಿಂದ ದೊಂದಿ ಹಿಡಿದು ಕೂಗುತ್ತಾ ಬರುತ್ತಾನೆ. ರಾಳದ ಪುಡಿ ಎರಚಿದಾಗ ಬೆಂಕಿ ಭುಗಿಲೆನ್ನುತ್ತದೆ. ಮುಖದ ಮೇಲೆ ಚಿಟ್ಟಿ, ತಲೆಯ ಮೇಲೆ ಕೊಂಬು. ಮಕ್ಕಳು ಅಮ್ಮನ ಸೆರಗಿನೊಳಗೆ ನುಗ್ಗುತ್ತಾರೆ. ಅಲ್ಲಿ ಯಾರೂ ‘ರಾಕ್ಷಸ ಸ್ವಲ್ಪ ಸಹಜವಾಗಿರಬೇಕಿತ್ತು’ ಅನ್ನುವುದಿಲ್ಲ. ಅಬ್ಬರ ಇಲ್ಲದಿದ್ದರೆ ಅದು ಬಣ್ಣದ ವೇಷವೇ ಅಲ್ಲ.

ಕಂಪನಿ ನಾಟಕದಲ್ಲೂ ಹಾಗೇ. ಕಿರೀಟ ರಟ್ಟಿನದು ಅಂತ ನೋಡುವವನಿಗೂ ಗೊತ್ತು, ಹಾಕಿಕೊಂಡವನಿಗೂ ಗೊತ್ತು. ಆದರೂ ಅವನು ಅದನ್ನು ಚಿನ್ನದ್ದು ಅಂತಲೇ ಹೊರುತ್ತಾನೆ.

ಇಂಥ ಆಟಕ್ಕೆ ಬೇಕಾದದ್ದು ನಂಬಿಕೆ. ನಟನಿಗೆ ಒಳಗೊಳಗೇ ನಾಚಿಕೆ ಆದರೆ ಮುಗಿಯಿತು, ಎಲ್ಲ ಬಿದ್ದುಹೋಗುತ್ತದೆ. ‘ದಿ ಫಿಫ್ತ್ ಎಲಿಮೆಂಟ್’ನಲ್ಲಿ ಯಾರಿಗೂ ನಾಚಿಕೆ ಇಲ್ಲ. ಎರಡೇ ನಿಮಿಷ ಬಂದು ಹೋಗುವ ಪೊಲೀಸಿನವನು ಕೂಡ ಪೂರ್ತಿ ಮನಸ್ಸಿಟ್ಟು ಮಾಡಿದ್ದಾನೆ.

ಆದರೂ ಇಷ್ಟು ಗದ್ದಲ ಬೇಕಿತ್ತಾ? ಸುಮ್ನೆ ಅತಿ ಮಾಡಿದ್ದಾರೆ ಅನಿಸಲ್ವಾ?

ಈ ಪ್ರಶ್ನೆಗೆ ಉತ್ತರ ಕೊಡಬೇಕು ಅಂತಲೇ ನಾನು ಈ ಪುಟ ಬರೆಯಲು ಕೂತದ್ದು.

ಸುಮ್ನೆ ಅತಿ ಮಾಡಿದ ಸಿನಿಮಾಗಳು ಬೇಕಾದಷ್ಟಿವೆ. ಅವು ಅರ್ಧ ಗಂಟೆಯಲ್ಲಿ ತಲೆನೋವು ತರಿಸುತ್ತವೆ. ಇದು ಹಾಗಾಗುವುದಿಲ್ಲ. ಯಾಕೆ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಈ ಅಬ್ಬರದ ಕೆಳಗೆ ಒಂದು ಸಾಮಾನ್ಯ ಮನೆ ಇದೆ. ಅದೇ ಕಾರಣ.

ಕೊರ್ಬೆನ್‌ನ ಮನೆ ನೋಡಿ. ಒಂದೇ ಕೋಣೆ. ಹಾಸಿಗೆ ಗೋಡೆಯೊಳಗೆ ಹೋಗುತ್ತದೆ. ಫ್ರಿಜ್ ಕೆಳಗಿಳಿದರೆ ಅದೇ ಜಾಗದಲ್ಲಿ ಸ್ನಾನದ ಮನೆ. ಅವನು ಬೆಳಿಗ್ಗೆ ಎದ್ದು ಸಿಗರೇಟಿಗೆ ಕೈ ಹಾಕುತ್ತಾನೆ. ಬಿಡಬೇಕು ಅಂತ ಪ್ರಯತ್ನದಲ್ಲಿದ್ದಾನೆ. ಆ ಸಿಗರೇಟಿನಲ್ಲಿ ಫಿಲ್ಟರೇ ಜಾಸ್ತಿ, ತಂಬಾಕು ತುದಿಯಲ್ಲಿ ಒಂದು ಚೂರು. ಒಂದು ಬೆಕ್ಕು ಸಾಕಿದ್ದಾನೆ. ಹೆಂಡತಿ ಬಿಟ್ಟು ಹೋಗಿದ್ದಾಳೆ. ಅವನ ತಾಯಿ ಫೋನ್ ಮಾಡಿ ಬೈಯುತ್ತಲೇ ಇರುತ್ತಾಳೆ. ಸಿನಿಮಾ ಪೂರ್ತಿ ನಾವು ಆಕೆಯ ಮುಖ ನೋಡುವುದಿಲ್ಲ, ದನಿ ಮಾತ್ರ. ಲೋಕ ಮುಳುಗುವ ಹೊತ್ತಲ್ಲೂ ಆಕೆಗೆ ತನ್ನದೇ ದೂರು.

ಬಾಗಿಲು ತೆರೆದರೆ ದರೋಡೆ ಮಾಡಲು ಬಂದ ಹುಡುಗನೊಬ್ಬ. ಅವನ ತಲೆಯ ಮೇಲೆ ಖಾಲಿ ಓಣಿಯ ಚಿತ್ರವಿರುವ ಟೋಪಿ. ಒಳಗಿನವರು ಬಾಗಿಲ ಕಂಡಿಯಿಂದ ನೋಡಿದರೆ ಹೊರಗೆ ಯಾರೂ ಇಲ್ಲ ಅನ್ನಿಸಬೇಕು. ಎಂಥ ಉಪಾಯ! ಕೊರ್ಬೆನ್ ಅವನ ಬಂದೂಕು ಕಿತ್ತುಕೊಳ್ಳುವ ರೀತಿ ನೋಡಿ. ದಿನಾ ಬರುವ ಸೇಲ್ಸ್‌ಮನ್ ಜೊತೆ ಮಾತಾಡಿದ ಹಾಗೆ.

ಮಧ್ಯಾಹ್ನ ಹಾರುವ ದೋಣಿಯಲ್ಲಿ ಊಟ ಮಾರುವ ಕಿಮ್ ಅನ್ನುವವರು ಕಿಟಕಿಗೇ ಬರುತ್ತಾರೆ. ಅಲ್ಲೇ ಒಲೆ, ಅಲ್ಲೇ ಬಡಿಸುವುದು. ಕೊರ್ಬೆನ್‌ನ ಕೆಲಸ ಹೋದ ಸುದ್ದಿಯನ್ನು ಓದಿ ಹೇಳುವವರೂ ಅವರೇ. ಕೆಟ್ಟದ್ದರಲ್ಲಿ ಒಳ್ಳೆಯದು ಹುಡುಕುತ್ತೀಯ ಅಂತ ಮೆಚ್ಚುತ್ತಾರೆ.

ಲೈಸೆನ್ಸಿನಲ್ಲಿ ಇನ್ನೆಷ್ಟು ಪಾಯಿಂಟ್ ಉಳಿದಿವೆ ಅಂತ ಟ್ಯಾಕ್ಸಿಯೇ ಗಟ್ಟಿಯಾಗಿ ಓದುತ್ತದೆ. ವಿಮಾನ ನಿಲ್ದಾಣದಲ್ಲಿ ಕಸದ ರಾಶಿ ಆಳೆತ್ತರ ಬಿದ್ದಿದೆ. ಇದು ಯಾರೋ ಬದುಕುತ್ತಿರುವ ಊರು. ಕೆಳಗೆ ನೆಲ ಗಟ್ಟಿ ಇರುವುದರಿಂದಲೇ ಮೇಲೆ ಎಷ್ಟು ಕುಣಿದರೂ ಅಟ್ಟ ಮುರಿಯುವುದಿಲ್ಲ.

ಇನ್ನೊಂದು ಆಧಾರ ಬ್ರೂಸ್ ವಿಲ್ಲಿಸ್. ಸುತ್ತ ಎಲ್ಲರೂ ಕಿರುಚುತ್ತಿದ್ದರೂ ಅವರು ಗೊಣಗುತ್ತಾ, ನಿಟ್ಟುಸಿರು ಬಿಡುತ್ತಾ, ಹುಬ್ಬು ಮಾತ್ರ ಎತ್ತುತ್ತಾರೆ. ವೇಷಗಳು ಎಷ್ಟು ಹಾರಿದರೂ ಮದ್ದಳೆ ತಾಳ ಬಿಡಬಾರದಲ್ವಾ, ಹಾಗೆ.

ಇದು ಹಾಲಿವುಡ್ ಸಿನಿಮಾನಾ?

ಮಾತು ಇಂಗ್ಲಿಷ್, ನಾಯಕ ಅಮೆರಿಕದವರು. ಆದರೆ ತೆಗೆದದ್ದು ಫ್ರಾನ್ಸಿನ ಗೋಮೋಂ ಸಂಸ್ಥೆ. ಚಿತ್ರೀಕರಣದ ಬಹುಪಾಲು ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೋದಲ್ಲಿ ಆಯಿತು. ಮರಳುಗಾಡಿನ ಭಾಗ ಮಾರಿಟೇನಿಯಾ ದೇಶದಲ್ಲಿ. ಖರ್ಚು ಸುಮಾರು 9 ಕೋಟಿ ಡಾಲರ್. ಆ ಹೊತ್ತಿಗೆ ಯೂರೋಪಿನಲ್ಲಿ ಯಾರೂ ಒಂದು ಸಿನಿಮಾದ ಮೇಲೆ ಇಷ್ಟು ಸುರಿದಿರಲಿಲ್ಲ.

ರುಚಿಯಲ್ಲೂ ಅದು ಗೊತ್ತಾಗುತ್ತದೆ. ಆಗಿನ ಅಮೆರಿಕದ ವೈಜ್ಞಾನಿಕ ಸಿನಿಮಾಗಳಲ್ಲಿ ಮುಂದಿನ ಕಾಲ ಅಂದರೆ ಕತ್ತಲೆ, ಮಳೆ, ಕಬ್ಬಿಣ. ಇಲ್ಲಿ ನಡುಹಗಲು. ಹಳದಿ ಟ್ಯಾಕ್ಸಿ, ಕಿತ್ತಳೆ ಕೂದಲು, ಗಗನಸಖಿಯರಿಗೆ ನೀಲಿ ಬಟ್ಟೆ. ಟ್ಯಾಕ್ಸಿ ಬೆನ್ನಟ್ಟುವ ದೃಶ್ಯಕ್ಕೆ ಅಲ್ಜೀರಿಯಾದ ಖಾಲಿದ್ ಹಾಡಿದ ಅರಬ್ಬಿ ಹಾಡು. ನ್ಯೂಯಾರ್ಕಿನ ಮುಗಿಲಿನಲ್ಲಿ ಅಲ್ಜೀರಿಯಾದ ಈ ‘ರೈ’ ಸಂಗೀತ ಕೇಳಿಸಬಹುದು ಅಂತ ಪ್ಯಾರಿಸ್ಸಿನ ಕಿವಿಗೆ ಮಾತ್ರ ಹೊಳೆಯುತ್ತದೆ.

ಕತೆ ಹುಡುಗಾಟದ್ದು, ಶಾಲೆ ಹುಡುಗ ಬರೆದ ಹಾಗಿದೆ ಅನ್ನುತ್ತಾರಲ್ಲ?

ನಿಜವಾಗಿಯೂ ಶಾಲೆ ಹುಡುಗನೇ ಬರೆದದ್ದು. ಬೆಸೋನ್ ಈ ಕತೆ ಶುರು ಮಾಡಿದಾಗ ಅವರಿಗೆ 16 ವರ್ಷ. ತೆರೆಗೆ ಬಂದಾಗ 38. ನಡುವೆ ದುಡ್ಡು ಹೊಂದಿಸಲಾಗದೆ ಕೆಲಸ ನಿಂತಿತು. ಆ ಬಿಡುವಿನಲ್ಲಿ 1994ರಲ್ಲಿ ಬೇರೊಂದು ಸಿನಿಮಾ ತೆಗೆದು ಹೆಸರು ಮಾಡಿದರು, ಆಮೇಲೆ ಇದಕ್ಕೆ ಮರಳಿದರು. ಚಿತ್ರಕತೆಯಲ್ಲಿ ರಾಬರ್ಟ್ ಮಾರ್ಕ್ ಕೇಮನ್ ಕೈಯೂ ಇದೆ.

ಹದಿನಾರರ ಕನಸನ್ನು ಮೂವತ್ತೆಂಟರಲ್ಲಿ ತೆಗೆಯುವಾಗ ಹೆಚ್ಚಿನವರು ಅದನ್ನು ತಿದ್ದಿ ‘ದೊಡ್ಡವರ’ ಕತೆ ಮಾಡಿಬಿಡುತ್ತಿದ್ದರು. ಇವರು ಮಾಡಲಿಲ್ಲ. ಒಳ್ಳೆಯದು ಒಳ್ಳೆಯದೇ, ಕೆಟ್ಟದ್ದು ಆಕಾಶದಲ್ಲಿ ಉರಿಯುವ ಕಪ್ಪು ಗೋಳ. ಅಷ್ಟೇ. ನನಗೆ ಇದು ದೋಷ ಅನಿಸಿಲ್ಲ. ಕತೆ ಸಾದಾ ಇದ್ದದ್ದಕ್ಕೇ ಅದರ ಸುತ್ತ ಇಷ್ಟು ಚಿತ್ತಾರ ಬಿಡಿಸಲು ಆಯಿತು.

ರೂಬಿ ರಾಡ್ ಪಾತ್ರ ಸಹಿಸೋಕೆ ಆಗಲ್ಲ. ನಿಮಗೆ?

ಅತಿ ಹೆಚ್ಚು ಬರುವ ದೂರು ಇದೇ. ರೂಬಿ ರಾಡ್ ಆ ಕಾಲದ ರೇಡಿಯೋ ತಾರೆ. ಚಿರತೆ ಚುಕ್ಕಿಯ ಬಟ್ಟೆ, ತಲೆಯ ಮುಂದೆ ಕೊಳವೆಯಂತೆ ಚಾಚಿದ ಕೂದಲು. ಬಾಯಿ ಮುಚ್ಚುವುದೇ ಇಲ್ಲ. ಸಿನಿಮಾದ ಎರಡನೇ ಅರ್ಧದಲ್ಲಿ ಬಂದು ಎಲ್ಲರ ಕಿವಿ ತೂತು ಮಾಡುತ್ತಾನೆ. ಮಾಡಿದ್ದು ಕ್ರಿಸ್ ಟಕರ್.

ಮೊದಲ ಸಲ ನೋಡಿದಾಗ ನನಗೂ ಕಿರಿಕಿರಿ ಆಗಿತ್ತು. ಎರಡನೇ ಸಲ ಅವನ ಕೆಲಸ ಏನು ಅಂತ ನೋಡಿದೆ. ಅವನು ಎಲ್ಲವನ್ನೂ ನೇರ ಪ್ರಸಾರ ಮಾಡುತ್ತಿದ್ದಾನೆ. ಗುಂಡು ಹಾರುತ್ತಿದೆ, ಪ್ರಾಣ ಹೋಗುವ ಹೆದರಿಕೆ, ಆದರೂ ಮೈಕ್ ಬಿಡುವುದಿಲ್ಲ. ನಾಯಕ ಏನೂ ಹೇಳದೆ ಮುಗಿಸುವ ಕೆಲಸಕ್ಕೆ ಇವನದು ಬಾಯಿ. ಅಲ್ಲದೆ, ನಿಜವಾದ ಹೊಡೆದಾಟದ ನಡುವೆ ನಾವ್ಯಾರಾದರೂ ಸಿಕ್ಕಿಬಿದ್ದರೆ ಕೊರ್ಬೆನ್ ಥರ ಇರುತ್ತೇವಾ, ರೂಬಿ ಥರ ಇರುತ್ತೇವಾ? ನಾನಂತೂ ಮೇಜಿನ ಕೆಳಗೆ ಕೂತು ಕಿರುಚುವವರ ಪಕ್ಷ.

ಟಕರ್‌ಗೆ ಆಗ ವಯಸ್ಸು ಇಪ್ಪತ್ತೈದರ ಆಸುಪಾಸು. ಹೆಣ್ಣು ಗಂಡು ಎರಡರ ಗಡಿಯನ್ನೂ ಅಳಿಸಿದ ಬಟ್ಟೆ ತೊಟ್ಟು, ಎಲ್ಲರೂ ಬಯಸುವ ತಾರೆಯಾಗಿ ನಿಂತ ಕಪ್ಪು ನಟ. 1997ರ ದೊಡ್ಡ ಬಜೆಟ್ಟಿನ ಸಿನಿಮಾದಲ್ಲಿ ಅದು ಸಣ್ಣ ಮಾತಲ್ಲ.

ಖಳನಾಯಕ ಜೋರ್ಗ್ ಬಗ್ಗೆ?

ಗ್ಯಾರಿ ಓಲ್ಡ್‌ಮನ್. ತಲೆಯ ಅರ್ಧಕ್ಕೆ ಪ್ಲಾಸ್ಟಿಕ್ ಮುಚ್ಚಳ, ಇನ್ನರ್ಧಕ್ಕೆ ಜೋತುಬಿದ್ದ ಕೂದಲು, ಕುಂಟು ನಡಿಗೆ. ಶಸ್ತ್ರ ಮಾರುವ ದೊಡ್ಡ ವ್ಯಾಪಾರಿ. ಓಲ್ಡ್‌ಮನ್ ತಾವೇ ನಿರ್ದೇಶಿಸಿದ ಮೊದಲ ಸಿನಿಮಾಕ್ಕೆ ಬೆಸೋನ್ ಹಣ ಹಾಕಿದ್ದರು. ಆ ಋಣಕ್ಕೆ ಈ ಪಾತ್ರ ಒಪ್ಪಿಕೊಂಡರು. ಋಣ ತೀರಿಸಲು ಮಾಡಿದ ಕೆಲಸದ ಹಾಗೆ ಮಾತ್ರ ಎಲ್ಲೂ ಕಾಣುವುದಿಲ್ಲ.

ಅವನ ಒಂದು ದೃಶ್ಯ ನೋಡಲೇಬೇಕು. ಪಾದ್ರಿ ಕೊರ್ನೇಲಿಯಸ್ ಮುಂದೆ ಬೇಕೆಂದೇ ಗಾಜಿನ ಲೋಟ ಬೀಳಿಸುತ್ತಾನೆ. ಚೂರು ಗುಡಿಸಲು ಪುಟ್ಟ ಯಂತ್ರಗಳು ಓಡಿ ಬರುತ್ತವೆ. ನೋಡು, ನಾನು ಒಡೆದಿದ್ದರಿಂದ ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಒಡೆಯುವುದೇ ಬದುಕು ಅಂತ ವಾದ ಮಾಡುತ್ತಾನೆ. ಅಷ್ಟರಲ್ಲಿ ಒಂದು ಚೆರ್ರಿ ಹಣ್ಣು ಗಂಟಲಿಗೆ ಸಿಕ್ಕಿ ಉಸಿರು ಕಟ್ಟುತ್ತದೆ. ಯಾವ ಯಂತ್ರವೂ ನೆರವಿಗೆ ಬರುವುದಿಲ್ಲ. ಕೊನೆಗೆ ಪಾದ್ರಿಯೇ ಬೆನ್ನಿಗೆ ಗುದ್ದಿ ಉಳಿಸಬೇಕು. ಇಯನ್ ಹೋಮ್ ಆ ಪಾದ್ರಿ. ದೊಡ್ಡ ವಾದವೊಂದು ಒಂದು ಹಣ್ಣಿಗೆ ಸೋಲುವುದನ್ನು ಇಷ್ಟು ಚೆನ್ನಾಗಿ ತೋರಿಸಿದ್ದು ನಾನು ಬೇರೆಲ್ಲೂ ನೋಡಿಲ್ಲ.

ಇನ್ನೊಂದು ಸಂಗತಿ ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ. ಕೊರ್ಬೆನ್, ಜೋರ್ಗ್ ಇಬ್ಬರೂ ಸಿನಿಮಾದಲ್ಲಿ ಒಮ್ಮೆಯೂ ಭೇಟಿ ಆಗುವುದಿಲ್ಲ. ಮಾತಿಲ್ಲ, ಜಗಳವಿಲ್ಲ. ಒಬ್ಬರ ಹೆಸರು ಇನ್ನೊಬ್ಬರಿಗೆ ಬೇಕಾಗಿಯೂ ಇಲ್ಲ. ಲಿಫ್ಟಿನ ಬಳಿ ಸ್ವಲ್ಪದರಲ್ಲಿ ತಪ್ಪಿಹೋಗುತ್ತಾರೆ. ನಾಯಕ ಖಳನಾಯಕರ ಕೊನೆಯ ಹೊಡೆದಾಟ ಇಲ್ಲದೆ ಆಕ್ಷನ್ ಸಿನಿಮಾ ಮುಗಿಸಿದ್ದಾರೆ, ಅದೂ ನೋಡುವವರಿಗೆ ಗೊತ್ತಾಗದ ಹಾಗೆ!

ನೀಲಿ ಬಣ್ಣದ ಗಾಯಕಿ ಹಾಡುವುದು ನಿಜವಾದ ದನಿಯಾ?

ಹೌದು. ವಿಹಾರದ ಹಡಗಿನಲ್ಲಿ ಹಾಡುವ ಈ ಬೇರೆ ಲೋಕದ ಗಾಯಕಿಯ ದನಿ ಅಲ್ಬೇನಿಯಾದ ಇನ್ವಾ ಮುಲಾ ಅವರದು. ತೆರೆಯ ಮೇಲೆ ನೀಲಿ ಮೈಯಲ್ಲಿ ನಿಂತವರು ನಟಿ ಮೈವೆನ್. ಮೊದಲ ಭಾಗ ಇಟಲಿಯ ಡೊನಿಜೆಟ್ಟಿ 1835ರಲ್ಲಿ ರಚಿಸಿದ ‘ಲೂಚಿಯಾ’ ಒಪೆರಾದ್ದು (ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ), ಮನಸ್ಸು ಕೆಟ್ಟ ಹೆಣ್ಣೊಬ್ಬಳು ಹಾಡುವ ಭಾಗ. ಅದು ಮುಗಿಯುತ್ತಿದ್ದಂತೆ ತಾಳ ಬದಲಾಗಿ, ಸಂಗೀತ ನಿರ್ದೇಶಕ ಎರಿಕ್ ಸೆರಾ ಬರೆದ ಕುಣಿತದ ಭಾಗ ಶುರುವಾಗುತ್ತದೆ. ಅಲ್ಲಿ ಸ್ವರಗಳು ಮನುಷ್ಯರ ಗಂಟಲಿಗೆ ಎಟುಕದ ವೇಗದಲ್ಲಿ ಮೇಲೆ ಕೆಳಗೆ ಜಿಗಿಯುತ್ತವೆ. ಕೆಲವನ್ನು ಬಿಡಿಬಿಡಿಯಾಗಿ ಹಾಡಿಸಿ ಯಂತ್ರದಲ್ಲಿ ಜೋಡಿಸಿದರು. ಈಗ ಹಲವು ದೇಶಗಳ ಗಾಯಕಿಯರು ವೇದಿಕೆಯ ಮೇಲೆ ನಿಂತು ಅದನ್ನು ಹಾಡಿ ತೋರಿಸುತ್ತಾರೆ. ಸವಾಲು ಕೊಟ್ಟರೆ ಗಂಟಲೂ ಬೆಳೆಯುತ್ತದೆ ಅಲ್ವಾ! ಆ ಸಭಾಂಗಣ ಲಂಡನ್ನಿನ ರಾಯಲ್ ಒಪೆರಾ ಹೌಸ್.

ನಾನು ಈ ಸಿನಿಮಾವನ್ನು ಮೊದಲು ನೋಡಿದ್ದೇ ಈ ಹಾಡಿನಿಂದ. ಮನೆಯ ಟಿವಿಯಲ್ಲಿ ಚಾನೆಲ್ ತಿರುಗಿಸುತ್ತಿದ್ದಾಗ ಸಿಕ್ಕಿತು. ಹಿಂದೆ ಮುಂದೆ ಏನೂ ಗೊತ್ತಿಲ್ಲ. ಅಮ್ಮ ಅಡುಗೆ ಮನೆಯಿಂದ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ‘ಯಾರೋ ಅದು, ಏನು ಶಾರೀರನಪ್ಪಾ’ ಅಂದರು. ಹಾಡು ಮುಗಿಯುವವರೆಗೆ ಇಬ್ಬರೂ ಅಲ್ಲಾಡಲಿಲ್ಲ.

ಆ ದೃಶ್ಯದ ಕಟ್ಟುವಿಕೆಯನ್ನೂ ಗಮನಿಸಿ. ಒಂದು ಕಡೆ ಹಾಡು, ಇನ್ನೊಂದು ಕಡೆ ಲೀಲೂ ಹೊಡೆದಾಟ. ಸ್ವರಕ್ಕೆ ಸರಿಯಾಗಿ ಏಟು. ಇಡೀ ಸಿನಿಮಾದಲ್ಲಿ ಬೆಸೋನ್ ಈ ಜುಗಲ್‌ಬಂದಿ ಆಡುತ್ತಾರೆ. ಒಂದು ಕೋಣೆಯಲ್ಲಿ ಜೋರ್ಗ್ ಕಲ್ಲುಗಳ ಪೆಟ್ಟಿಗೆ ತೆರೆದು ‘ಖಾಲಿ’ ಅನ್ನುತ್ತಾನೆ. ತಕ್ಷಣ ಬೇರೊಂದು ಕೋಣೆಯಲ್ಲಿ ಲೀಲೂ ನಗುತ್ತಿರುತ್ತಾಳೆ. ಇಲ್ಲಿ ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ. ಗದ್ದಲದಂತೆ ಕಂಡರೂ ಲೆಕ್ಕ ಎಲ್ಲೂ ತಪ್ಪಿಲ್ಲ.

ಬಟ್ಟೆಗಳು ಯಾಕೆ ಹಾಗಿವೆ?

ಫ್ಯಾಷನ್ ಲೋಕದ ಜಾನ್ ಪಾಲ್ ಗೊಟಿಯೇ ಹೊಲಿಸಿದ್ದು. ಸುಮಾರು 900 ಉಡುಪುಗಳು. ಹಿಂದೆ ಸುಮ್ಮನೆ ನಿಂತ ಗುಂಪಿನವರಿಗೂ ಅವರೇ ವಿನ್ಯಾಸ ಮಾಡಿದರು. ಲೀಲೂ ಮೊದಲ ಉಡುಪು ಬರೀ ಬಿಳಿ ಪಟ್ಟಿಗಳು, ಗಾಯಕ್ಕೆ ಸುತ್ತಿದ ಬ್ಯಾಂಡೇಜಿನಂತೆ. ಕೊರ್ಬೆನ್‌ಗೆ ಕಿತ್ತಳೆ ಬಣ್ಣದ ರಬ್ಬರ್ ಬನಿಯನ್ನು, ಅದಕ್ಕೆ ಬೆನ್ನೇ ಇಲ್ಲ. ಅಷ್ಟು ಗಟ್ಟಿಮುಟ್ಟಾದ ನಾಯಕನಿಗೆ ಬೆನ್ನಿಲ್ಲದ ಬನಿಯನ್ನು ತೊಡಿಸಿ, ಅವನು ಅದರ ಬಗ್ಗೆ ಒಂದು ಮಾತೂ ಆಡದೆ ಇಡೀ ಸಿನಿಮಾ ಓಡಾಡುತ್ತಾನೆ. ನಂಬಿಕೆ ಅಂದೆನಲ್ಲ, ಅದು ಇದೇ.

ಲೀಲೂ ಆಡುವ ಭಾಷೆ ಯಾವುದು?

ಬೆಸೋನ್ ಕಟ್ಟಿದ ಭಾಷೆ, ಸುಮಾರು 400 ಪದಗಳಿವೆ. ಯೋವೊವಿಚ್ ಅದನ್ನು ಕಲಿತು ಬೆಳೆಸಿದರು. ಚಿತ್ರೀಕರಣದ ಕೊನೆಯ ಹೊತ್ತಿಗೆ ಇಬ್ಬರೂ ಅದರಲ್ಲೇ ಮಾತಾಡಿಕೊಳ್ಳುತ್ತಿದ್ದರಂತೆ. ಅರ್ಥವಾಗದ ಭಾಷೆಯಲ್ಲಿ ಹರಟುವಾಗಲೂ ಅವಳಿಗೆ ಹಸಿವೋ ಹೆದರಿಕೆಯೋ ಅಂತ ನಮಗೆ ಗೊತ್ತಾಗುತ್ತದೆ. ನಟನೆ ಅಂದರೆ ಅದು.

ಲೀಲೂ ಪಾತ್ರದ ಬಗ್ಗೆ ಆಕ್ಷೇಪಗಳಿವೆಯಲ್ಲ? ಹೆಣ್ಣನ್ನು ಮಗುವಿನ ಥರ ತೋರಿಸಿದ್ದಾರೆ ಅಂತ?

ಇದು ನ್ಯಾಯವಾದ ಆಕ್ಷೇಪ. ಮೈ ದೊಡ್ಡ ಹೆಣ್ಣಿನದು, ಲೋಕದ ತಿಳಿವಳಿಕೆ ಆಗ ತಾನೇ ಹುಟ್ಟಿದ ಮಗುವಿನದು. ಅವಳನ್ನು ನಡುವಯಸ್ಸಿನ ಗಂಡಸು ಕಾಪಾಡಿ ಪ್ರೀತಿಸುತ್ತಾನೆ. ಇಂಥ ಪಾತ್ರವನ್ನು ಗಂಡಸರು ಪದೇ ಪದೇ ಬರೆದಿದ್ದಾರೆ, ಅದರ ಹಿಂದಿನ ಆಸೆ ಚೆಂದದ್ದಲ್ಲ. ಪ್ರಯೋಗಾಲಯದಲ್ಲಿ ಅವಳು ಎಚ್ಚರಾಗುವಾಗ ಸುತ್ತ ನಿಂತ ಗಂಡಸರ ನೋಟವೂ ನನಗೆ ಕಸಿವಿಸಿ ತರುತ್ತದೆ.

ಆದರೆ ಸಿನಿಮಾದೊಳಗೇ ಅದಕ್ಕೆ ಎದುರು ಮಾತೂ ಇದೆ. ಅವಳು ಪ್ರಜ್ಞೆ ತಪ್ಪಿದ್ದಾಗ ಕೊರ್ಬೆನ್ ಮುತ್ತು ಕೊಡುತ್ತಾನೆ. ಮರುಕ್ಷಣ ಅವಳ ಕೈಯ ಬಂದೂಕು ಅವನ ಮುಖಕ್ಕೆ. ತನ್ನ ಭಾಷೆಯಲ್ಲಿ ಏನೋ ಹೇಳುತ್ತಾಳೆ. ಆಮೇಲೆ ಪಾದ್ರಿಯನ್ನು ಕೇಳಿದಾಗ ಅರ್ಥ ಗೊತ್ತಾಗುತ್ತದೆ: ನನ್ನ ಒಪ್ಪಿಗೆ ಇಲ್ಲದೆ ಎಂದೂ ಬೇಡ. ಕೊರ್ಬೆನ್ ತಪ್ಪು ಮಾಡಿದ ಅಂತ ಸಿನಿಮಾ ಒಪ್ಪಿಕೊಳ್ಳುತ್ತದೆ. ಹೊಡೆದಾಟದಲ್ಲಿ ಅವಳೇ ಮುಂದು. ಈ ಎರಡೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವುದು ನನಗೆ ಸರಿ ಕಾಣುವುದಿಲ್ಲ.

ಇದರಲ್ಲಿ ವಿಜ್ಞಾನ ಸರಿಯಿದೆಯಾ?

ಇಲ್ಲ. ಅದಕ್ಕಾಗಿ ನೋಡಬೇಡಿ.

ಗ್ರಾಫಿಕ್ಸ್ ಹಳೆಯದಾಗಿ ಕಾಣುತ್ತದಾ?

ಕೆಲವು ಕಡೆ ಮಾತ್ರ. ನ್ಯೂಯಾರ್ಕಿನ ಆ ಗಗನಚುಂಬಿಗಳಲ್ಲಿ ಹೆಚ್ಚಿನವು ಕೈಯಲ್ಲಿ ಕಟ್ಟಿದ ಮಾದರಿಗಳು. ಕಿಟಕಿ, ಪೈಪು, ಕೊಳೆ ಎಲ್ಲ ಇಟ್ಟು ಕಟ್ಟಿ, ಅವುಗಳ ನಡುವೆ ಕಂಪ್ಯೂಟರಿನಲ್ಲಿ ವಾಹನ ಓಡಿಸಿದರು. ಡಿಜಿಟಲ್ ಡೊಮೈನ್ ಸಂಸ್ಥೆಯ ಕೆಲಸ. ನಿಜವಾದ ವಸ್ತುವಿನ ಮೇಲೆ ಬಿದ್ದ ಬೆಳಕಿಗೆ ವಯಸ್ಸಾಗುವುದಿಲ್ಲ. ದಪ್ಪ ದಪ್ಪ ಜೀವಿಗಳು ಕೂಡ ಒಳಗೆ ಮನುಷ್ಯರಿರುವ ವೇಷಗಳೇ. ಹೊಳೆಯುವ ಹೊಸ ಸಿನಿಮಾಗಳನ್ನು ನೋಡಿ ದಣಿದ ಕಣ್ಣಿಗೆ ಇದು ತಂಪು.

ಇದನ್ನು ಕಾಮಿಕ್ಸ್‌ನಿಂದ ಕದ್ದದ್ದು ಅಂತ ಕೇಳಿದ್ದೇನೆ.

ಕದ್ದದ್ದಲ್ಲ. ಫ್ರಾನ್ಸಿನ ಇಬ್ಬರು ದೊಡ್ಡ ಕಾಮಿಕ್ಸ್ ಕಲಾವಿದರು, ಮೋಬಿಯಸ್ ಅಂತ ಹೆಸರಾದ ಜಾನ್ ಜಿರೋ ಮತ್ತು ಜಾನ್-ಕ್ಲೋದ್ ಮೆಜಿಯೇರ್, ಈ ಸಿನಿಮಾಕ್ಕೇ ಚಿತ್ರ ಬರೆದುಕೊಟ್ಟರು. ಮೊದಲ ಬರವಣಿಗೆಯಲ್ಲಿ ಕೊರ್ಬೆನ್ ರಾಕೆಟ್ ಕಾರ್ಖಾನೆಯ ಕೆಲಸಗಾರ. ಮೆಜಿಯೇರ್ ಬರೆದ ಹಾರುವ ಟ್ಯಾಕ್ಸಿ ನೋಡಿ ಬೆಸೋನ್ ಅವನನ್ನು ಟ್ಯಾಕ್ಸಿ ಡ್ರೈವರ್ ಮಾಡಿದರು. ಎಂಥ ಒಳ್ಳೆಯ ಬದಲಾವಣೆ! ಟ್ಯಾಕ್ಸಿ ಇಲ್ಲದ ಈ ಸಿನಿಮಾವನ್ನು ನೆನೆಯಲೂ ಆಗುವುದಿಲ್ಲ. ಮುಂದೆ ಮೋಬಿಯಸ್ ಕಡೆಯವರು ತಮ್ಮ ಬೇರೊಂದು ಕಾಮಿಕ್ಸ್ ಅನ್ನು ನಕಲು ಮಾಡಿದ್ದಾರೆ ಅಂತ ಕೋರ್ಟಿಗೆ ಹೋದರು. ಕೇಸು ಗೆಲ್ಲಲಿಲ್ಲ.

ಬಂದಾಗ ಜನ ಏನಂದರು?

1997ರ ಮೇ 7ರಂದು ಕಾನ್ ಚಿತ್ರೋತ್ಸವ ಇದರಿಂದಲೇ ಶುರುವಾಯಿತು. ಅದು ಉತ್ಸವದ 50ನೇ ವರ್ಷ. ಗಂಭೀರ ಸಿನಿಮಾಗಳ ಊರಲ್ಲಿ ಇಂಥದ್ದೊಂದಕ್ಕೆ ಬಾಗಿಲು ತೆರೆದದ್ದು ಕೆಲವರಿಗೆ ಸಿಟ್ಟು ತರಿಸಿತು. ವಿಮರ್ಶಕರು ಎರಡು ಭಾಗವಾದರು. ಹಣ ಮಾತ್ರ ಬಂತು. ಲೋಕದಾದ್ಯಂತ ಸುಮಾರು 26 ಕೋಟಿ ಡಾಲರ್, ಅದರಲ್ಲಿ ಮುಕ್ಕಾಲು ಭಾಗ ಅಮೆರಿಕದ ಹೊರಗಿನಿಂದ.

ಪ್ರಶಸ್ತಿಗಳ ಪಟ್ಟಿ ನೋಡಿದರೆ ಜನ ಹೇಗೆ ಹಂಚಿಹೋಗಿದ್ದರು ಅಂತ ಗೊತ್ತಾಗುತ್ತದೆ. ಫ್ರಾನ್ಸಿನ ಸೀಸರ್ ಪ್ರಶಸ್ತಿ ನಿರ್ದೇಶನ, ಛಾಯಾಗ್ರಹಣ, ಕಲೆ ಈ ಮೂರಕ್ಕೆ. ಬ್ರಿಟನ್ನಿನ ಬಾಫ್ಟಾ ವಿಷುಯಲ್ ಎಫೆಕ್ಟ್ಸ್‌ಗೆ. ಅದೇ ವರ್ಷ ಅಮೆರಿಕದಲ್ಲಿ ಕೆಟ್ಟ ಸಿನಿಮಾಗಳಿಗೆ ಕೊಡುವ ರಾಝಿ ಪಟ್ಟಿಯಲ್ಲಿ ಯೋವೊವಿಚ್ ಮತ್ತು ಟಕರ್ ಹೆಸರು. ಈಗ ಜನ ಈ ಸಿನಿಮಾದಿಂದ ಯಾರ ವೇಷ ಹಾಕುತ್ತಾರೆ? ಲೀಲೂ ಮತ್ತು ರೂಬಿ ರಾಡ್‌ದು.

ಎರಡನೇ ಭಾಗ ಇದೆಯಾ?

ಇಲ್ಲ. ಬೆಸೋನ್ 2017ರಲ್ಲಿ ಮೆಜಿಯೇರ್ ಅವರ ಕಾಮಿಕ್ಸ್ ಆಧರಿಸಿ ಇನ್ನೂ ದೊಡ್ಡ ಖರ್ಚಿನಲ್ಲಿ ‘ವಲೇರಿಯನ್’ ತೆಗೆದರು. ನೋಡಲು ಬಹಳ ಚೆಂದ. ಆದರೆ ಅದರಲ್ಲಿ ಕಿಟಕಿಗೆ ಬರುವ ಊಟದ ದೋಣಿ ಇಲ್ಲ, ಫೋನಿನಲ್ಲಿ ಬೈಯುವ ತಾಯಿ ಇಲ್ಲ. ನನಗೆ ಅದು ಮನಸ್ಸಿಗೆ ಹತ್ತಲಿಲ್ಲ.

ಮಕ್ಕಳ ಜೊತೆ ಕೂತು ನೋಡಬಹುದಾ?

ಹದಿಮೂರು ದಾಟಿದವರ ಜೊತೆ ನೋಡಬಹುದು. ಗುಂಡಿನ ಹಾರಾಟ ಜಾಸ್ತಿ, ರಕ್ತ ಕಡಿಮೆ. ಬಟ್ಟೆ ಕಡಿಮೆ ಇರುವ ಒಂದೆರಡು ದೃಶ್ಯಗಳಿವೆ, ರೂಬಿ ರಾಡ್‌ನ ಒಂದು ಪೋಲಿ ದೃಶ್ಯವೂ ಇದೆ. ನೀವು ಒಮ್ಮೆ ನೋಡಿ ಆಮೇಲೆ ತೀರ್ಮಾನಿಸಿ. ಮೊಬೈಲಿನಲ್ಲಿ ಬೇಡ. ದೊಡ್ಡ ಪರದೆ, ಒಳ್ಳೆಯ ಸ್ಪೀಕರ್ ಇರುವವರ ಮನೆಗೆ ಹೋಗಿ.

ಐದನೇ ಧಾತು ಅಂದರೆ ನಮ್ಮ ಪಂಚಭೂತದ ಆಕಾಶವಾ? (ಇಲ್ಲಿಂದ ಮುಂದೆ ಕ್ಲೈಮ್ಯಾಕ್ಸ್ ಇದೆ)

ಹೆಸರು ಕೇಳಿದ ಕೂಡಲೇ ನಮ್ಮವರಿಗೆ ಹೊಳೆಯುವುದು ಇದೇ. ಮಣ್ಣು, ನೀರು, ಬೆಂಕಿ, ಗಾಳಿ ಸರಿ. ಐದನೆಯದು ನಮ್ಮಲ್ಲಿ ಆಕಾಶ. ಅರಿಸ್ಟಾಟಲ್ ಕೂಡ ಐದನೆಯದೊಂದು ಇದೆ ಅಂದಿದ್ದ, ನಕ್ಷತ್ರಗಳು ಅದರಿಂದ ಆದವು ಅಂತ. ಸಿನಿಮಾದಲ್ಲಿ ಐದನೆಯದು ಒಂದು ಜೀವ. ಲೀಲೂವೇ. ಅವಳೊಳಗೆ ಪ್ರೀತಿ ಇದ್ದರೆ ಮಾತ್ರ ಬೆಳಕು ಹೊರಡುತ್ತದೆ.

ಅವಳು ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಅಕ್ಷರವಾಗಿ ಮನುಷ್ಯರ ಚರಿತ್ರೆ ಕಲಿಯುತ್ತಾ ‘ಯುದ್ಧ’ ಅನ್ನುವ ಪದಕ್ಕೆ ಬರುತ್ತಾಳೆ. ಚಿತ್ರಗಳು ಸರಸರನೆ ಓಡುತ್ತವೆ. ಅವಳ ಕಣ್ಣಲ್ಲಿ ನೀರು. ಇಷ್ಟೊತ್ತು ನಗಿಸಿದ ಸಿನಿಮಾ ಅಲ್ಲಿ ಸುಮ್ಮನಾಗುತ್ತದೆ. ಇಂಥವರನ್ನು ಯಾಕೆ ಉಳಿಸಬೇಕು ಅಂತ ಅವಳು ಕೇಳುವುದಕ್ಕೆ ಕೊರ್ಬೆನ್ ಬಳಿ ದೊಡ್ಡ ಉತ್ತರ ಇಲ್ಲ.

ನಿಮಗೆ ತುಂಬಾ ಇಷ್ಟವಾದ ದೃಶ್ಯ ಯಾವುದು?

ಎಲ್ಲರೂ ನೀಲಿ ಗಾಯಕಿಯ ಹಾಡು ಅಂತ ಊಹಿಸುತ್ತಾರೆ. ಅಲ್ಲ. ಕಡ್ಡಿ ಗೀರುವ ದೃಶ್ಯ.

ಎಲ್ಲರೂ ಮತ್ತೆ ಈಜಿಪ್ಟಿನ ದೇಗುಲಕ್ಕೆ ಬಂದಿದ್ದಾರೆ. ಕೇಡಿನ ಗೋಳ ಭೂಮಿಯ ಹತ್ತಿರ ಬಂದಿದೆ. ನಾಲ್ಕು ಕಲ್ಲು ಇಟ್ಟಾಗಿದೆ, ತೆರೆಯುವುದು ಹೇಗೆ ಅಂತ ಯಾರಿಗೂ ಗೊತ್ತಿಲ್ಲ. ಒಬ್ಬರು ಸೋತು ನಿಟ್ಟುಸಿರು ಬಿಟ್ಟಾಗ ಗಾಳಿಯ ಕಲ್ಲು ಸ್ವಲ್ಪ ಅಲುಗುತ್ತದೆ. ಆಗ ಹೊಳೆಯುತ್ತದೆ. ಗಾಳಿಗೆ ಉಸಿರು. ನೀರಿಗೆ ಒಂದು ಹನಿ ಬೆವರು. ಮಣ್ಣಿಗೆ ಒಂದು ಚಿಟಿಕೆ ಮಣ್ಣು. ಹಾರುವ ಕಾರು, ನಕ್ಷತ್ರದ ಹಡಗು, ಬಂದೂಕುಗಳ ರಾಶಿ ಎಲ್ಲ ಆದ ಮೇಲೆ ಕೊನೆಗೆ ಬೇಕಾದದ್ದು ಇವು.

ಬೆಂಕಿ ಉಳಿದಿದೆ. ಸಿಗರೇಟು ಬಿಡಲು ಒದ್ದಾಡುತ್ತಿದ್ದ ಕೊರ್ಬೆನ್ ಜೇಬು ತಡಕಾಡುತ್ತಾನೆ. ಪೊಟ್ಟಣದಲ್ಲಿ ಒಂದೇ ಕಡ್ಡಿ. ಗೀರುತ್ತಾನೆ. ಎರಡು ಗಂಟೆಯಿಂದ ಕಿರುಚುತ್ತಿದ್ದ ಸಿನಿಮಾದಲ್ಲಿ ಈಗ ಯಾರೂ ಉಸಿರು ಕೂಡ ಬಿಡುವುದಿಲ್ಲ. ರೂಬಿ ರಾಡ್ ಕೂಡ. ಕೊರ್ಬೆನ್ ಅಂಗೈ ಅಡ್ಡ ಹಿಡಿದು, ದೀಪ ಒಯ್ಯುವ ಹಾಗೆ, ಆ ಪುಟ್ಟ ಬೆಂಕಿಯನ್ನು ಮೆಲ್ಲಗೆ ಕಲ್ಲಿನ ಹತ್ತಿರ ಒಯ್ಯುತ್ತಾನೆ.